ಕ್ಯಾನ್ಸರಿನ ತಪ್ಪಕ್ಷರವನ್ನು ಓದಿದವರು



‘ಆ ಮನೆತನದಲ್ಲಿ ಕ್ಯಾನ್ಸರ್ ಉಂಟಂತೆ’ ಎಂಬ ಒಂದು ಮಾತು ನಮ್ಮ ಊರುಗಳಲ್ಲಿ ಎಷ್ಟು ಕೆಲಸ ಕೆಡಿಸುತ್ತದೆ ಎಂಬುದು ನಿಮಗೆ ಗೊತ್ತು. ಕೂಡಿಬಂದ ಸಂಬಂಧ ಮುರಿದು ಬೀಳುತ್ತದೆ. ಆ ಹೆದರಿಕೆಗೆ ಮನೆಯವರು ರೋಗವನ್ನೇ ಮುಚ್ಚಿಡುತ್ತಾರೆ. ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಗುಟ್ಟಾಗಿ ಹೋಗುತ್ತಾರೆ, ಇಲ್ಲವೇ ಹೋಗುವುದನ್ನೇ ಮುಂದೂಡುತ್ತಾರೆ. ಹೊತ್ತು ಮೀರಿದ ಮೇಲೆ ಹೋದರೆ ವೈದ್ಯರಾದರೂ ಏನು ಮಾಡಿಯಾರು? ಈ ಮಾತು ಎಷ್ಟರಮಟ್ಟಿಗೆ ನಿಜ? ಅದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ನೂರು ವರ್ಷ ಹಿಡಿಯಿತು. ಆ ಚರಿತ್ರೆಯನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ. ಹತ್ತನೆಯ ತರಗತಿ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಿಂದ ಬರೆದು, ಸಂಜೆ ಲೆಕ್ಕ ತಾಳೆ ನೋಡುವುದು ನಮ್ಮ ಕೆಲಸವಾಗಿತ್ತು. ಕ್ಯಾನ್ಸರಿನ ಸಂಶೋಧನೆಯ ವಿಷಯ ಓದುತ್ತಾ ಹೋದಂತೆ, ಇದೂ ಒಂದು ಲೆಕ್ಕದ ತಪ್ಪು ಹುಡುಕುವ ಕೆಲಸವೇ ಎಂದು ನನಗೆ ತೋರಿತು. ಅದೇ ದಾರಿಯಲ್ಲಿ ಹೇಳುತ್ತೇನೆ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಒಂದು ಬರಹವಿದೆ. ಅದಕ್ಕೆ ಡಿ.ಎನ್.ಎ. ಎನ್ನುತ್ತಾರೆ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ. ಆ ನಾಲ್ಕನ್ನೇ ಹಿಂದೆ ಮುಂದೆ ಜೋಡಿಸಿ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ ಬರೆದಿದೆ. ಈ ಗ್ರಂಥದ ಎರಡು ಪ್ರತಿಗಳು 46 ಸಂಪುಟಗಳಾಗಿ, ಜೋಡಿ ಜೋಡಿಯಾಗಿ ಇವೆ. ಒಂದು ಪ್ರತಿ ತಾಯಿಯಿಂದ, ಇನ್ನೊಂದು ಪ್ರತಿ ತಂದೆಯಿಂದ ಬಂದದ್ದು. ಈ ಸಂಪುಟಗಳಿಗೆ ವರ್ಣತಂತು ಎಂದು ಹೆಸರು. ಕ್ರೋಮೋಸೋಮ್ ಎಂದು ನಿಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ಇದನ್ನೇ. ಒಂದು ಕೋಶ ಎರಡಾಗುವಾಗಲೆಲ್ಲ ಇಡೀ ಗ್ರಂಥದ ನಕಲು ಆಗಬೇಕು. ನಕಲು ಮಾಡುವಾಗ ತಪ್ಪು ಬೀಳುವುದು ಸಹಜ. ಹೆಚ್ಚಿನ ತಪ್ಪುಗಳನ್ನು ದೇಹವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವುಗಳಲ್ಲೂ ಹಲವು ಏನೂ ತೊಂದರೆ ಕೊಡುವುದಿಲ್ಲ. ಆದರೆ ಕೆಲವು ತಪ್ಪುಗಳು ಅರ್ಥವನ್ನೇ ಬದಲಿಸುತ್ತವೆ. ‘ಹಣ’ ಎಂದು ಬರೆಯುವಲ್ಲಿ ಒಂದು ಎತ್ವ ಸೇರಿದರೆ ಏನಾಗುತ್ತದೆಂದು ನೀವೇ ಯೋಚಿಸಿ. ಕ್ಯಾನ್ಸರ್ ಹುಟ್ಟುವುದು ಇಂಥ ತಪ್ಪುಗಳಿಂದ.

ಈ ಊಹೆಯನ್ನು ಗಟ್ಟಿಯಾಗಿ ಮುಂದಿಟ್ಟವನು ಜರ್ಮನಿಯ ಥಿಯೋಡೋರ್ ಬೊವೇರಿ. ಆತ ಸಮುದ್ರದಲ್ಲಿರುವ ಮುಳ್ಳುಚೆಂಡಿನಂಥ ಒಂದು ಪ್ರಾಣಿಯ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದ. ವರ್ಣತಂತುಗಳ ಹಂಚಿಕೆ ಹೆಚ್ಚುಕಡಿಮೆಯಾದರೆ ಕೋಶಗಳು ಅಡ್ಡಾದಿಡ್ಡಿಯಾಗಿ ಬೆಳೆಯುವುದನ್ನು ಕಂಡ. ಮನುಷ್ಯರ ಗಡ್ಡೆಗಳೂ ಹೀಗೆಯೇ ಹುಟ್ಟುತ್ತಿರಬೇಕು ಎಂದು 1914ರಲ್ಲಿ ಪುಸ್ತಕ ಬರೆದ. ಮರುವರ್ಷವೇ ತೀರಿಕೊಂಡ. ಅವನ ಮಾತನ್ನು ಪರೀಕ್ಷಿಸಿ ನೋಡುವ ಸಲಕರಣೆ ಆಗ ಯಾರಲ್ಲಿಯೂ ಇರಲಿಲ್ಲ. ಮನುಷ್ಯನಿಗೆ ಇರುವ ವರ್ಣತಂತುಗಳು 46 ಎಂಬ ಸರಿಯಾದ ಎಣಿಕೆ ಸಿಕ್ಕಿದ್ದೇ 1956ರಲ್ಲಿ.

ಇನ್ನು ನಾನು ಹೇಳುವುದು ಒಂದೇ ರೋಗದ ಕಥೆ. ಅದು ಬಿಳಿರಕ್ತದ ಕ್ಯಾನ್ಸರಿನಲ್ಲಿ ಒಂದು ಬಗೆ. ಆಸ್ಪತ್ರೆಯ ಚೀಟಿಯಲ್ಲಿ ಸಿ.ಎಂ.ಎಲ್. ಎಂದು ಬರೆದಿರುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ಅಳತೆಯ ರಕ್ತದಲ್ಲಿ ಬಿಳಿಕಣಗಳು ಸುಮಾರು ನಾಲ್ಕು ಸಾವಿರದಿಂದ ಹನ್ನೊಂದು ಸಾವಿರ ಇರುತ್ತವೆ. ಈ ರೋಗದಲ್ಲಿ ಅವು ಲಕ್ಷ ದಾಟಬಹುದು. ಮನುಷ್ಯ ಸೊರಗುತ್ತಾನೆ, ದಣಿವು ಬಿಡುವುದಿಲ್ಲ. ಎಡ ಪಕ್ಕೆಯ ಕೆಳಗೆ ಗುಲ್ಮ ಊದಿ, ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತಾಗುತ್ತದೆ. 1845ರಲ್ಲೇ ಎಡಿನ್‌ಬರೋದ ಬೆನೆಟ್ ಮತ್ತು ಬರ್ಲಿನ್ನಿನ ವಿರ್ಶೋ ಎಂಬ ವೈದ್ಯರು ಬಿಳಿರಕ್ತದ ರೋಗವನ್ನು ಬೇರೆ ಬೇರೆಯಾಗಿ ವರ್ಣಿಸಿದ್ದರು. ಕಾರಣ ಮಾತ್ರ ಯಾರಿಗೂ ತಿಳಿಯದು.

1950ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಎಂಬ ವೈದ್ಯ ಈ ರೋಗಿಗಳ ರಕ್ತಕಣಗಳನ್ನು ಗಾಜಿನ ಸ್ಲೈಡಿನ ಮೇಲೆ ಬೆಳೆಸುತ್ತಿದ್ದ. ಒಂದು ಸಲ ಸ್ಲೈಡನ್ನು ನಲ್ಲಿಯ ನೀರಿನಲ್ಲಿಯೇ ತೊಳೆದ. ನೀರು ಕುಡಿದು ಕೋಶಗಳು ಉಬ್ಬಿದವು. ಗಂಟುಬಿದ್ದಂತಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು! ಅದೇ ಊರಿನ ಡೇವಿಡ್ ಹಂಗರ್‌ಫರ್ಡ್ ಎಂಬ ಯುವಕ ವರ್ಣತಂತುಗಳನ್ನು ಗುರುತಿಸುವುದರಲ್ಲಿ ನುರಿತವ. ಇಬ್ಬರೂ ಸೇರಿ ನೋಡಿದರು. ಈ ರೋಗದ ಕೋಶಗಳಲ್ಲಿ ಒಂದು ವರ್ಣತಂತು ಮಾತ್ರ ಇರಬೇಕಾದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ಒಬ್ಬರಲ್ಲಿ ಅಲ್ಲ, ಅವರು ಪರೀಕ್ಷಿಸಿದ ರೋಗಿಗಳಲ್ಲೆಲ್ಲ ಅದೇ ಮೋಟು ತಂತು. 1960ರಲ್ಲಿ ಇದನ್ನು ಪ್ರಕಟಿಸಿದರು. ಊರಿನ ಹೆಸರೇ ಅದಕ್ಕೆ ನಿಂತಿತು: ಫಿಲಡೆಲ್ಫಿಯಾ ಕ್ರೋಮೋಸೋಮ್. ಒಂದು ಕ್ಯಾನ್ಸರಿಗೂ ಒಂದು ವರ್ಣತಂತುವಿಗೂ ನೇರ ಸಂಬಂಧವಿದೆ ಎಂದು ಕಣ್ಣಾರೆ ಕಂಡದ್ದು ಅದೇ ಮೊದಲು. ಬೊವೇರಿಯ ಊಹೆಗೆ ಸಾಕ್ಷಿ ಸಿಗಲು 46 ವರ್ಷ ಬೇಕಾಯಿತು.

ಆದರೆ ಕಡಿಮೆ ಬಿದ್ದ ತುಂಡು ಹೋದದ್ದೆಲ್ಲಿಗೆ? ಲೆಡ್ಜರಿನಲ್ಲಿ ಒಂದು ಹಾಳೆ ಕಾಣದಿದ್ದರೆ, ಅದು ಕಳೆದಿದೆಯೋ ಬೇರೆ ಪುಸ್ತಕದಲ್ಲಿ ಸೇರಿದೆಯೋ ನೋಡಬೇಕಷ್ಟೆ. ನೋಡಿದವರು ಷಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡುಮಕ್ಕಳ ತಾಯಿ. ಮಕ್ಕಳನ್ನು ಸಾಕುತ್ತಾ ಎಷ್ಟೋ ವರ್ಷ ಅರೆಹೊತ್ತಿನ ಕೆಲಸವನ್ನಷ್ಟೇ ಮಾಡಿದ್ದ ವೈದ್ಯೆ. ಅಷ್ಟು ಹೊತ್ತಿಗೆ ವರ್ಣತಂತುಗಳಿಗೆ ಬಣ್ಣ ಹಾಕಿ ಪಟ್ಟೆ ಪಟ್ಟೆಯಾಗಿ ಕಾಣಿಸುವ ವಿಧಾನ ಬಂದಿತ್ತು. ಆಕೆ ಅವುಗಳ ಫೋಟೋ ತೆಗೆದು, ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಬೊಂಬೆಯಾಟ ಆಡುತ್ತಾಳೆಂದು ಮಕ್ಕಳು ನಗುತ್ತಿದ್ದರಂತೆ. 1972ರಲ್ಲಿ ಆ ಮೇಜಿನ ಮೇಲೆ ಉತ್ತರ ಸಿಕ್ಕಿತು. 22ನೆಯ ತಂತುವಿನಿಂದ ಹರಿದ ತುಂಡು 9ನೆಯದಕ್ಕೆ ಅಂಟಿಕೊಂಡಿತ್ತು. 9ನೆಯದರ ಚಿಕ್ಕ ತುದಿಯೊಂದು 22ಕ್ಕೆ ಬಂದಿತ್ತು. ಹಾಳೆ ಕಳೆದಿರಲಿಲ್ಲ; ಎರಡು ಪುಸ್ತಕಗಳ ಹಾಳೆ ಅದಲುಬದಲಾಗಿತ್ತು. 1973ರಲ್ಲಿ ಆಕೆ ಇದನ್ನು ಪ್ರಕಟಿಸಿದರು.

ಇಲ್ಲಿಯವರೆಗೆ ನಡೆದದ್ದೆಲ್ಲ ಪುಸ್ತಕದ ಬೆನ್ನು ನೋಡಿ ಹೇಳಿದ್ದು. ಒಳಗಿನ ಅಕ್ಷರ ಓದಲು ಬರುತ್ತಿರಲಿಲ್ಲ. ಇಂಗ್ಲೆಂಡಿನ ಫ್ರೆಡ್ ಸ್ಯಾಂಗರ್ 1977ರಲ್ಲಿ ಡಿ.ಎನ್.ಎ. ಅಕ್ಷರಗಳನ್ನು ಒಂದೊಂದಾಗಿ ಓದುವ ಒಳ್ಳೆಯ ಉಪಾಯವನ್ನು ಕಂಡುಹಿಡಿದ. ಅದಕ್ಕಾಗಿ 1980ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ. ಅದು ಆತನಿಗೆ ಎರಡನೆಯ ನೊಬೆಲ್. ಈ ಓದುವಿಕೆಗೇ ಸೀಕ್ವೆನ್ಸಿಂಗ್ ಎನ್ನುವುದು.

ಓದಲು ಬಂದ ಮೇಲೆ ಕೆಲಸ ಚುರುಕಾಯಿತು. 1980ರ ದಶಕದಲ್ಲಿ ಹಾಲೆಂಡ್ ಮತ್ತು ಅಮೆರಿಕದ ವಿಜ್ಞಾನಿಗಳು ಆ ಹರಿದ ಜಾಗವನ್ನು ಹುಡುಕಿ ಓದಿದರು. 9ನೆಯ ತಂತುವಿನಿಂದ ಬಂದದ್ದು ಎ.ಬಿ.ಎಲ್. ಎಂಬ ಜೀನು. ಅದು 22ರಲ್ಲಿದ್ದ ಬಿ.ಸಿ.ಆರ್. ಎಂಬ ಜೀನಿಗೆ ಹೊಲಿದುಕೊಂಡು ಎರಡೂ ಸೇರಿ ಒಂದೇ ವಾಕ್ಯವಾಗಿತ್ತು. ಎ.ಬಿ.ಎಲ್. ತಯಾರಿಸುವ ಕಿಣ್ವ ಒಂದು ಸ್ವಿಚ್ಚಿನ ಹಾಗೆ. ‘ಈಗ ಬೆಳೆ’ ಎಂದಾಗ ಹಾಕಿಕೊಳ್ಳುತ್ತದೆ, ‘ಸಾಕು’ ಎಂದಾಗ ಆರುತ್ತದೆ. ಹೊಲಿಗೆಯಾದ ಮೇಲೆ ಅದು ಆರುವುದೇ ಇಲ್ಲ. ತೋಟದ ಪಂಪಿನ ಸ್ವಿಚ್ಚು ಅಂಟಿಕೊಂಡರೆ ನೀರು ಕಟ್ಟೆ ಒಡೆದು ಹರಿಯುತ್ತದಲ್ಲವೇ? ಮಜ್ಜೆಯಲ್ಲಿ ಬಿಳಿಕಣಗಳು ಹಾಗೆ ಉಕ್ಕಿ ಹರಿಯುತ್ತವೆ. 1990ರಲ್ಲಿ ಈ ಜೋಡಿ ಜೀನನ್ನು ಇಲಿಗಳ ಮಜ್ಜೆಗೆ ಸೇರಿಸಿದಾಗ ಅವಕ್ಕೂ ಇದೇ ಬಗೆಯ ರೋಗ ಬಂತು. ಕಾರಣ ಖಚಿತವಾಯಿತು.

ಸ್ವಿಚ್ಚು ಯಾವುದೆಂದು ತಿಳಿದ ಮೇಲೆ ಅದನ್ನು ಆರಿಸುವ ಮದ್ದು ಹುಡುಕಬಹುದಲ್ಲ? ಸ್ವಿಟ್ಜರ್ಲೆಂಡಿನ ಒಂದು ಔಷಧ ಕಂಪನಿಯಲ್ಲಿದ್ದ ನಿಕೋಲಸ್ ಲಿಡನ್ ತಂಡದವರು ಆ ಕಿಣ್ವದ ಸಂದಿಗೆ ಸರಿಯಾಗಿ ಕೂರುವಂಥ ರಾಸಾಯನಿಕವನ್ನು ತಯಾರಿಸಿದರು. ಅಮೆರಿಕದ ಆರಿಗನ್ ರಾಜ್ಯದ ವೈದ್ಯ ಬ್ರಯನ್ ಡ್ರುಕರ್ ಅದನ್ನು ಈ ರೋಗದ ಕೋಶಗಳ ಮೇಲೆ ಪರೀಕ್ಷಿಸಿ, ರೋಗಿಗಳಿಗೆ ಕೊಟ್ಟು ನೋಡಬೇಕೆಂದು ಪಟ್ಟು ಹಿಡಿದ. 1998ರ ಜೂನ್ ತಿಂಗಳಲ್ಲಿ ಮೊದಲ ರೋಗಿ ಮಾತ್ರೆ ನುಂಗಿದ. ಬೇರೆ ಮದ್ದು ನಾಟದೆ ಹೋಗಿದ್ದ 54 ಮಂದಿಗೆ ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಕೊಟ್ಟಾಗ 53 ಮಂದಿಯ ರಕ್ತದ ಎಣಿಕೆ ಸಹಜಕ್ಕೆ ಬಂತು. ಇಮ್ಯಾಟಿನಿಬ್ ಎಂಬ ಈ ಮಾತ್ರೆಗೆ 2001ರ ಮೇ 10ರಂದು ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ಕೆಲವೇ ವರ್ಷಗಳ ಆಯುಷ್ಯವೆಂದು ಹೇಳುತ್ತಿದ್ದ ರೋಗ ಅದು. ಈ ಮಾತ್ರೆಯಿಂದಲೇ ಚಿಕಿತ್ಸೆ ಆರಂಭಿಸಿದ ರೋಗಿಗಳಲ್ಲಿ ನೂರಕ್ಕೆ 83 ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿದ್ದರೆಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು.

ಮಾತ್ರೆ ಬಂತು, ಆದರೆ ಕೈಗೆಟುಕಬೇಡವೇ? ಈ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲಿ. ನೋವಾರ್ಟಿಸ್ ಕಂಪನಿಯ ಮಾತ್ರೆಗೆ ಭಾರತದಲ್ಲಿ ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆ ಇತ್ತು. ನಮ್ಮ ದೇಶದ ಕಂಪನಿಗಳು ಅದೇ ಮದ್ದನ್ನು ಸುಮಾರು ಎಂಟು ಹತ್ತು ಸಾವಿರಕ್ಕೆ ಕೊಡುತ್ತಿದ್ದವು. ನೋವಾರ್ಟಿಸ್ ಪೇಟೆಂಟ್ ಕೇಳಿತು. ಬಡ ರೋಗಿಗಳಿಗೆ ಮಾತ್ರೆಯನ್ನು ಉಚಿತವಾಗಿ ಕೊಡುವ ಯೋಜನೆಯೊಂದನ್ನು ಅದು ನಡೆಸುತ್ತಿತ್ತು ಎಂಬುದನ್ನೂ ಹೇಳಬೇಕು. ಆದರೆ ಪೇಟೆಂಟ್ ಸಿಕ್ಕಿದರೆ ಅಗ್ಗದ ಮಾತ್ರೆ ನಿಂತುಹೋಗುತ್ತಿತ್ತು. ರೋಗಿಗಳ ಸಂಘವೊಂದು ವಿರೋಧಿಸಿತು. ಚೆನ್ನೈಯ ಪೇಟೆಂಟ್ ಕಚೇರಿ 2006ರಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಹಳೆಯ ಮದ್ದಿನ ರೂಪವನ್ನು ಸ್ವಲ್ಪ ಬದಲಿಸಿದ ಮಾತ್ರಕ್ಕೆ, ಅದರಿಂದ ಗುಣ ಹೆಚ್ಚಾಗದಿದ್ದರೆ, ಹೊಸ ಹಕ್ಕು ಕೊಡಲಾಗದು ಎಂದು ನಮ್ಮ ಕಾಯಿದೆಯ 3(ಡಿ) ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಅದನ್ನೇ ಎತ್ತಿಹಿಡಿಯಿತು. ಇಂದು ಈ ಮಾತ್ರೆ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೆಲವರಿಗೆ ಮೊದಲು ಹಿಡಿಸಿದ ಮದ್ದು ಆಮೇಲೆ ಹಿಡಿಸದಾಯಿತು. ಏಕೆ? ಚಾರ್ಲ್ಸ್ ಸಾಯರ್ಸ್ ಎಂಬ ವೈದ್ಯನ ತಂಡ 2001ರಲ್ಲಿ ಅಂಥವರ ಎ.ಬಿ.ಎಲ್. ಜೀನನ್ನು ಅಕ್ಷರ ಅಕ್ಷರವಾಗಿ ಓದಿತು. ಹಲವರಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಕಿಣ್ವದ 315ನೆಯ ಮಣಿ ಬೇರೆಯಾಗಿ, ಮಾತ್ರೆ ಕೂರುವ ಸಂದಿಯ ಆಕಾರವೇ ಕೆಟ್ಟಿತ್ತು. ಬೀಗದ ಒಳಗೊಂದು ಹಲ್ಲು ತಿರುಗಿದರೆ ಹಳೆಯ ಕೀಲಿ ಹೋಗುವುದಿಲ್ಲ, ಹಾಗೆ. 2006ರಲ್ಲಿ ಡಾಸಾಟಿನಿಬ್, 2007ರಲ್ಲಿ ನಿಲೋಟಿನಿಬ್ ಎಂಬ ಹೊಸ ಮಾತ್ರೆಗಳು ಬಂದವು. ಬೇರೆ ಹಲವು ಬದಲಾವಣೆಗಳಿಗೆ ಅವು ನಡೆಯುತ್ತವೆ, 315ಕ್ಕೆ ನಡೆಯುವುದಿಲ್ಲ. ಅದಕ್ಕೆ 2012ರಲ್ಲಿ ಪೊನಾಟಿನಿಬ್ ಬರಬೇಕಾಯಿತು. ಆದ್ದರಿಂದ ಮದ್ದು ನಾಟದಾಗ ವೈದ್ಯರು ಮತ್ತೆ ರಕ್ತ ತೆಗೆದು ಜೀನಿನ ಪರೀಕ್ಷೆಗೆ ಕಳಿಸಿದರೆ, ಹಣ ಕೀಳಲಿಕ್ಕೆಂದು ತಿಳಿಯಬೇಡಿ. ಯಾವ ಮಾತ್ರೆ ಕೊಡಬೇಕೆಂದು ಆ ಒಂದು ಅಕ್ಷರವೇ ಹೇಳುತ್ತದೆ.

ಹೀಗೆ ಒಂದು ಜೀನು ಓದಿದವರು ಇಡೀ ಗ್ರಂಥವನ್ನೇ ಓದುವ ಸಾಹಸಕ್ಕೆ ಇಳಿದಿದ್ದರು. 1990ರಲ್ಲಿ ಶುರುವಾದ ಮಾನವ ಜೀನೋಮ್ ಯೋಜನೆ 2003ರ ಏಪ್ರಿಲ್‌ನಲ್ಲಿ ಮುಗಿಯಿತೆಂದು ಸಾರಿದರು. ಹಲವು ದೇಶಗಳು ಕೂಡಿ ಹದಿಮೂರು ವರ್ಷ ದುಡಿದು ಓದಿದ್ದು ಒಂದು ಗ್ರಂಥವನ್ನು. ಮುಂದೆ ಯಂತ್ರಗಳು ಸುಧಾರಿಸಿ, ಅದೇ ಕೆಲಸ ಈಗ ಕೆಲವು ದಿನಗಳಲ್ಲಿ, ಹಿಂದಿನ ಖರ್ಚಿನ ಅತಿ ಸಣ್ಣ ಪಾಲಿನಲ್ಲಿ ಆಗುತ್ತದೆ.

2008ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಿಜ್ಞಾನಿಗಳು ಬಿಳಿರಕ್ತದ ಇನ್ನೊಂದು ಬಗೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದ ಒಬ್ಬ ಮಹಿಳೆಯ ರೋಗದ ಕೋಶದ ಗ್ರಂಥವನ್ನು ಪೂರ್ತಿ ಓದಿದರು. ಆಕೆಯ ಆರೋಗ್ಯವಂತ ಚರ್ಮದ ಕೋಶವನ್ನೂ ಓದಿದರು. ಎರಡನ್ನೂ ಪಕ್ಕದಲ್ಲಿಟ್ಟು, ನಾವು ಪಾಸ್‌ಬುಕ್ಕನ್ನೂ ಲೆಡ್ಜರನ್ನೂ ತಾಳೆ ನೋಡುವಂತೆ ನೋಡಿದರು. ಜೀನುಗಳಲ್ಲಿ ಹತ್ತು ತಪ್ಪುಗಳು ಸಿಕ್ಕಿದವು. ಗಮನಿಸಿ: ಅವು ರೋಗದ ಕೋಶದಲ್ಲಿದ್ದವು, ಚರ್ಮದಲ್ಲಿರಲಿಲ್ಲ. ಅಂದರೆ ಆಕೆ ಹುಟ್ಟುವಾಗ ತಂದವಲ್ಲ. ಬದುಕಿನ ನಡುವೆ ಮಜ್ಜೆಯ ಕೋಶದಲ್ಲಿ ಬಿದ್ದವು. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಫಿಲಡೆಲ್ಫಿಯಾ ತಂತುವೂ ಹಾಗೆಯೇ. ಅದು ಮಜ್ಜೆಯ ಒಂದು ಕೋಶದಲ್ಲಿ ಆಗುವ ಅದಲುಬದಲು. ಅದು ತಾಯಿಯಿಂದ ಮಗುವಿಗೆ ಬರುವುದಿಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ. ಆ ಮನೆಯ ಹುಡುಗಿಯನ್ನು ತಂದುಕೊಂಡರೆ ರೋಗ ನಿಮ್ಮ ಮನೆ ಹೊಕ್ಕುವುದಿಲ್ಲ. ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ವಂಶದಿಂದ ಬರುವವು ಇಲ್ಲವೇ ಇಲ್ಲವೆಂದು ಹೇಳುವುದಿಲ್ಲ. ಅಮೆರಿಕದ ಮೇರಿ ಕ್ಲೇರ್ ಕಿಂಗ್ 1990ರಲ್ಲಿ, ಕೆಲವು ಮನೆತನಗಳಲ್ಲಿ ಮರುಕಳಿಸುವ ಸ್ತನ ಕ್ಯಾನ್ಸರಿಗೆ 17ನೆಯ ವರ್ಣತಂತುವಿನ ಮೇಲೆ ಮೂಲವಿದೆಯೆಂದು ತೋರಿಸಿದರು. ಆ ಜೀನು 1994ರಲ್ಲಿ ಕೈಗೆ ಸಿಕ್ಕಿತು, ಬಿ.ಆರ್.ಸಿ.ಎ.1 ಎಂದು ಹೆಸರು. ಆದರೆ ಸ್ತನ ಕ್ಯಾನ್ಸರಿನಲ್ಲಿ ಹೀಗೆ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ತಾಯಿ, ಚಿಕ್ಕಮ್ಮ, ಅಕ್ಕ ಹೀಗೆ ಹಲವರಿಗೆ, ಅದೂ ಎಳೆ ವಯಸ್ಸಿನಲ್ಲಿ ಬಂದಿದ್ದರೆ ಪರೀಕ್ಷೆಯ ವಿಷಯ ವೈದ್ಯರಲ್ಲಿ ಕೇಳಬೇಕು. ಅದು ಮುಂಚಿತವಾಗಿ ಎಚ್ಚರ ವಹಿಸಲು ಸಿಗುವ ಅವಕಾಶ, ಮುಚ್ಚಿಡುವ ಕಳಂಕವಲ್ಲ.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. 2008ರಲ್ಲಿ ಹಲವು ದೇಶಗಳು ಸೇರಿ ಒಂದೊಂದು ಕ್ಯಾನ್ಸರನ್ನು ಓದುವ ಕೆಲಸ ಹಂಚಿಕೊಂಡವು. ಭಾರತ ಆರಿಸಿಕೊಂಡದ್ದು ಕೆನ್ನೆ ಮತ್ತು ವಸಡಿನ ಕ್ಯಾನ್ಸರು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಳ್ಳುವ ನಮ್ಮಲ್ಲಿ ಅದು ಹೆಚ್ಚು. ಕಲ್ಯಾಣಿಯ ಸಂಸ್ಥೆಯೊಂದು ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳು 110 ರೋಗಿಗಳ ಮಾದರಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬೇರೆ ದೇಶಗಳಲ್ಲಿ ಕಂಡಿದ್ದ ತಪ್ಪುಗಳ ಜೊತೆಗೆ ಇಲ್ಲಿಯವೇ ಆದ ಐದು ಹೊಸ ಜೀನುಗಳ ತಪ್ಪುಗಳೂ ಸಿಕ್ಕಿದವು. ನಮ್ಮ ಜನರ ರೋಗವನ್ನು ನಮ್ಮ ಜನರಲ್ಲೇ ಓದಬೇಕು ಎಂಬುದಕ್ಕೆ ಇದು ಸಾಕ್ಷಿ. ಆದರೆ ಒಂದು ಮಾತ್ರೆಯಿಂದ ಇದನ್ನು ಆರಿಸಲಾಗದು. ಸಿ.ಎಂ.ಎಲ್.ನಲ್ಲಿ ಮುಖ್ಯ ತಪ್ಪು ಒಂದೇ. ಬಾಯಿಯ ಕ್ಯಾನ್ಸರಿನಲ್ಲಿ ಒಬ್ಬೊಬ್ಬರಲ್ಲೂ ಹಲವಾರು. ಅಲ್ಲಿ ಅಕ್ಷರ ಓದುವ ಯಂತ್ರಕ್ಕಿಂತ ಹೊಗೆಸೊಪ್ಪು, ಗುಟ್ಕಾ ಬಿಡುವುದೇ ದೊಡ್ಡ ಮದ್ದು. ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ತೋರಿಸಿ.

ಜೀನು ಓದಿ ಮದ್ದು ಆರಿಸುವ ಕ್ರಮ ಶ್ವಾಸಕೋಶದ ಮತ್ತು ಇನ್ನೂ ಕೆಲವು ಕ್ಯಾನ್ಸರುಗಳಿಗೂ ಬಂದಿದೆ. ಎಲ್ಲದಕ್ಕೂ ಅಲ್ಲ. ಎಷ್ಟೋ ಸಲ ತಪ್ಪು ಯಾವುದೆಂದು ತಿಳಿಯುತ್ತದೆ, ಅದಕ್ಕೆ ತಕ್ಕ ಮದ್ದು ಇರುವುದಿಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ದುಬಾರಿ ಪರೀಕ್ಷೆ ಹೇಳಿದಾಗ ಒಂದು ಪ್ರಶ್ನೆ ಕೇಳಿ: ‘ಈ ಪರೀಕ್ಷೆಯ ಫಲ ಬಂದರೆ ಚಿಕಿತ್ಸೆ ಬದಲಾಗುತ್ತದೆಯೇ?’ ಕೇಳುವ ಹಕ್ಕು ನಿಮಗಿದೆ.

ನಾವು ಗಡಿಯವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಆಸ್ಪತ್ರೆಯ ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಕಾಸರಗೋಡಿನವರು ತಲಶ್ಶೇರಿಗೋ ಮಂಗಳೂರಿಗೋ ಹೋಗುತ್ತಾರೆ, ಸೊಲ್ಲಾಪುರದವರು ಮುಂಬಯಿಗೆ, ಹೊಸೂರು ಮಡಕಶಿರಾದವರು ಬೆಂಗಳೂರಿನ ಕಿದ್ವಾಯಿಗೆ. ಎರಡು ನುಡಿ ಬಲ್ಲ ಮಗನೋ ಮಗಳೋ ಜೊತೆಗಿರಲಿ. ರೋಗದ ಹೆಸರನ್ನೂ ಪರೀಕ್ಷೆಯ ಹೆಸರನ್ನೂ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಸಿ.ಎಂ.ಎಲ್. ರೋಗಿಗಳು ಇನ್ನೊಂದು ಮಾತನ್ನು ನೆನಪಿಡಬೇಕು. ಮಾತ್ರೆಯಿಂದ ಎಣಿಕೆ ಸರಿಹೋಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಪರೀಕ್ಷೆಗೂ ಸಿಗದಷ್ಟು ರೋಗ ವರ್ಷಗಟ್ಟಲೆ ಅಡಗಿದ್ದ ಕೆಲವರು ನಿಲ್ಲಿಸಬಹುದೆಂದು ಫ್ರಾನ್ಸಿನ ವೈದ್ಯರು 2010ರಲ್ಲಿ ತೋರಿಸಿದ್ದು ನಿಜ. ಹಾಗೆ ನಿಲ್ಲಿಸಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರಳಿತು. ಆ ತೀರ್ಮಾನ ವೈದ್ಯರದು.

1914ರ ಒಂದು ಊಹೆ, 1960ರ ಒಂದು ಮೋಟು ತಂತು, 1972ರ ಊಟದ ಮೇಜು, 2001ರ ಒಂದು ಮಾತ್ರೆ, 2013ರ ಒಂದು ತೀರ್ಪು. ಇಷ್ಟು ಜನ ಇಷ್ಟು ವರ್ಷ ದುಡಿದು ತಿಳಿದುಕೊಂಡದ್ದು ನಮ್ಮ ಜಗಲಿಯ ತನಕ ಬರಬೇಕು. ಮುಂದೆ ಯಾರಾದರೂ ‘ಆ ಮನೆಯಲ್ಲಿ ಕ್ಯಾನ್ಸರ್ ಉಂಟಂತೆ’ ಎಂದು ಪಿಸುಗುಟ್ಟಿದರೆ, ‘ಯಾವ ಕ್ಯಾನ್ಸರು? ಆಸ್ಪತ್ರೆಗೆ ತೋರಿಸಿದರೇ? ನಮ್ಮಿಂದ ಏನಾದರೂ ಆಗಬೇಕೇ?’ ಎಂದು ಕೇಳಿ. ರೋಗಿಗೆ ಅಷ್ಟೇ ಧೈರ್ಯ.